ತವರಿಗೆ ಬಂದ ಮೇಲೆ ಕೆಲಸ ಹುಡುಕಿದ್ದು

ಗಂಡನ ಮನೆ ಬಿಟ್ಟು ತವರಿಗೆ ಬಂದ ಹೆಣ್ಣುಮಗಳು ಕೆಲಸಕ್ಕೆ ಹೋಗುತ್ತೇನೆಂದು ಬಾಯಿಬಿಟ್ಟರೆ ನಮ್ಮ ಬೆಳಗಾವಿಯಲ್ಲಿ ಎರಡು ಮಾತು ಒಟ್ಟಿಗೇ ಕಿವಿಗೆ ಬೀಳುತ್ತವೆ. ಸಿಕ್ಕ ಕೆಲಸ ಹಿಡಿ, ಆರಿಸುತ್ತ ಕೂಡುವ ಹೊತ್ತಲ್ಲ ಎಂಬುದು ಒಂದು. ಜೀವನಾಂಶದ ಆದೇಶ ಆಗುವ ತನಕ ಕೆಲಸದ ಹೆಸರೇ ಎತ್ತಬೇಡ, ದುಡಿಯುತ್ತಾಳೆಂದು ಗೊತ್ತಾದರೆ ಕೋರ್ಟು ಒಂದು ರೂಪಾಯಿಯನ್ನೂ ಕೊಡಿಸುವುದಿಲ್ಲ ಎಂಬುದು ಇನ್ನೊಂದು. ನಾನು ಎರಡನ್ನೂ ಕೇಳಿಸಿಕೊಂಡೆ, ಎರಡನ್ನೂ ಪಾಲಿಸಲಿಲ್ಲ. 2024ರ ಆರಂಭದಲ್ಲಿ ಮಗನನ್ನು ಕರೆದುಕೊಂಡು ಗೋಕಾಕದಿಂದ ಬಂದವಳು ಈಗ ಇಲ್ಲಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಎರಕದ ಫೌಂಡ್ರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಪ್ರೊಬೇಷನ್ ಮುಗಿಸಿ ಕಾಯಂ ಆಗಿದ್ದೇನೆ. ಮಧ್ಯಂತರ ಜೀವನಾಂಶದ ಆದೇಶವೂ ಆಗಿದೆ. ಈ ನಡುವೆ ಕಂಡದ್ದನ್ನು, ಇದೇ ದಾರಿಯಲ್ಲಿ ಬರುವವರಿಗೆ ಉಪಯೋಗವಾದೀತೆಂದು, ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಬೇರೆಯಾದ ಕಾರಣಗಳನ್ನು ಮಾತ್ರ ಬರೆಯುವುದಿಲ್ಲ.

ಬೆಳಗಾವಿಯ ವಡಗಾವಿ ಭಾಗದ ನೇಕಾರರ ಮನೆತನ ನಮ್ಮದು. ಅಪ್ಪನ ಪಾವರ್‌ಲೂಮ್ ಮಗ್ಗಗಳು ಇಂದಿಗೂ ಮನೆಯ ಹಿಂದಿನ ಪಡಸಾಲೆಯಲ್ಲಿ ನಡೆಯುತ್ತವೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ ಆರಂಭವಾದ ಮೊದಲ ವರ್ಷಗಳಲ್ಲಿ ಬಿ.ಕಾಂ. ಮುಗಿಸಿ, ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದೆ. 2016ರಲ್ಲಿ ಮದುವೆಯಾದಾಗ ಆ ಕೆಲಸ ಬಿಟ್ಟೆ. ಆಗ ಇದ್ದದ್ದು ಮೌಲ್ಯವರ್ಧಿತ ತೆರಿಗೆ. ತಿಂಗಳ ವ್ಯಾಟ್ ವಿವರಪಟ್ಟಿಯನ್ನು ಕಣ್ಣುಮುಚ್ಚಿ ತುಂಬುವಷ್ಟು ರೂಢಿ ನನಗಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ನಾನು ಗೋಕಾಕದಲ್ಲಿ ತುಂಬಿದ ಬಸುರಿ. ಹೀಗಾಗಿ ನನ್ನ ಕಸುಬಿನ ಅರ್ಧ ಭಾಗ ನಾನಿಲ್ಲದಾಗಲೇ ಬದಲಾಗಿಹೋಗಿತ್ತು.

ಮೊದಲು ಎದುರಾದದ್ದು ಹಿರಿಯರ ಪಂಚಾಯಿತಿ. ಎರಡೂ ಕಡೆಯವರು ಒಂದು ಭಾನುವಾರ ನಮ್ಮ ಮನೆಯಲ್ಲಿ ಕೂಡಿ, ಇಬ್ಬರೂ ಸ್ವಖುಷಿಯಿಂದ ಒಪ್ಪಿ ಬೇರೆ ಇರುತ್ತೇವೆ ಎಂದು ಬಾಂಡ್ ಪೇಪರಿನ ಮೇಲೆ ಬರೆದು ಸಹಿ ಹಾಕುವುದೆಂದು ತೀರ್ಮಾನಿಸಿದ್ದರು. "ಬರದು ಕೊಟ್ಟ ಬಿಡವ್ವಾ, ನಿನ್ನ ದಾರಿ ನಿನಗ, ಅವನ ದಾರಿ ಅವನಿಗೆ" ಎಂದು ಕಾಕಾ ಸಮಾಧಾನದಿಂದಲೇ ಹೇಳಿದರು. ಒಂದು ವಾರದ ಸಮಯ ಕೇಳಿದೆ. ಆ ವಾರದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಿ ಬಂದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ; 15100 ಸಂಖ್ಯೆಗೆ ಫೋನ್ ಮಾಡಿಯೂ ವಿಚಾರಿಸಬಹುದು. ಅಲ್ಲಿ ನನಗೆ ಕೊಟ್ಟ ಪ್ಯಾನೆಲ್ ವಕೀಲೆ ಬಾಂಡ್ ಪೇಪರಿನ ಕರಡು ಓದಿ, ಇದಕ್ಕೆ ಸಹಿ ಹಾಕಬೇಡಿ ಎಂದರು. ಇಂಥ ಕಾಗದದಿಂದ ವಿಚ್ಛೇದನ ಆಗುವುದಿಲ್ಲ, ಆದರೆ ಪರಸ್ಪರ ಒಪ್ಪಿ ಬೇರೆ ವಾಸಿಸುತ್ತಿರುವ ಹೆಂಡತಿಗೆ ಜೀವನಾಂಶ ಸಿಗುವುದಿಲ್ಲವೆಂದು ಕಾನೂನಿನಲ್ಲೇ ಇರುವುದರಿಂದ, ಮುಂದೆ ಅದೇ ಕಾಗದ ನಿಮ್ಮ ವಿರುದ್ಧ ಸಾಕ್ಷಿಯಾಗಿ ಬರುತ್ತದೆ ಎಂದು ಬಿಡಿಸಿ ಹೇಳಿದರು. ಹಿರಿಯರು ಮುನಿಸಿಕೊಂಡರು. ಕಾಕಾ ಕೆಲವು ತಿಂಗಳು ನಮ್ಮ ಮನೆ ಹೊಸ್ತಿಲು ತುಳಿಯಲಿಲ್ಲ.

ಕೆಲಸ ಹುಡುಕುವ ಮೊದಲು ಕಾಗದಪತ್ರ ಸರಿಪಡಿಸಿಕೊಳ್ಳಬೇಕೆಂಬುದು ನನಗೆ ತಿಳಿದಿತ್ತು. ಆದರೆ ಎಲ್ಲ ಬಾಗಿಲುಗಳಿಗೂ ಒಂದೇ ಬೀಗ, ಅದರ ಕೀಲಿಕೈ ಗಂಡನ ಜೇಬಿನಲ್ಲಿ ಎಂಬುದು ತಿಳಿದಿರಲಿಲ್ಲ. ಆಧಾರ್‌ಗೆ, ಬ್ಯಾಂಕ್ ಖಾತೆಗೆ, ಹಳೆಯ ಭವಿಷ್ಯ ನಿಧಿಯ ಸದಸ್ಯ ಸಂಖ್ಯೆಯಾದ ಯುಎಎನ್‌ಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ಅವರದೇ. ಮದುವೆಯಾದ ಹೊಸತರಲ್ಲಿ ಒಂದೇ ಸಂಖ್ಯೆ ಸಾಕೆಂದು ಕೊಟ್ಟದ್ದು. ನಾನು ಯಾವ ಜಾಲತಾಣ ತೆರೆದರೂ ಒಟಿಪಿ ಗೋಕಾಕಕ್ಕೆ ಹೋಗುತ್ತಿತ್ತು. ಆದ್ದರಿಂದ ನನ್ನ ಸ್ಥಿತಿಯಲ್ಲಿರುವವರು ಉಳಿದೆಲ್ಲ ಓಡಾಟಕ್ಕಿಂತ ಮೊದಲು ಸ್ವಂತ ಹೆಸರಿನ ಸಿಮ್ ಪಡೆದು, ಆಧಾರ್ ಕೇಂದ್ರಕ್ಕೆ ಹೋಗಿ ಸಂಖ್ಯೆ ಬದಲಿಸಿಕೊಳ್ಳಬೇಕು. ಇದಕ್ಕೆ ಬೆರಳಚ್ಚು ಕೊಟ್ಟರೆ ಸಾಕು, ಬೇರೆ ದಾಖಲೆ ಕೇಳುವುದಿಲ್ಲ. ನಾನು ಕೊಟ್ಟ ಶುಲ್ಕ ₹50. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ನಮ್ಮದೇ ಆದರೆ ಭವಿಷ್ಯ ನಿಧಿಯ ಖಾತೆಯನ್ನು ಅದರ ಮೂಲಕವೇ ಮರಳಿ ತೆರೆಯಬಹುದು. 2016ಕ್ಕೆ ನಿಂತುಹೋದ ಆ ಖಾತೆಯಲ್ಲಿದ್ದ ಹಣ ದೊಡ್ಡದೇನಲ್ಲ. ಆದರೆ ಪಿಂಚಣಿಗೆ ಬೇಕಾದ ಕನಿಷ್ಠ 10 ವರ್ಷಗಳ ಸೇವೆಯಲ್ಲಿ ಆ ಹಳೆಯ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಹಣದ ಅವಸರದಲ್ಲಿ ಅದನ್ನು ಮುರಿಸಿಕೊಳ್ಳದೆ ಹೊಸ ಕೆಲಸಕ್ಕೆ ವರ್ಗಾಯಿಸಿಕೊಂಡದ್ದು ಒಳ್ಳೆಯದಾಯಿತು.

ಹೆಸರಿನ ತೊಡಕು ಇನ್ನೂ ಉದ್ದದ್ದು. ಎಸ್‌ಎಸ್‌ಎಲ್‌ಸಿ, ಪದವಿ, ಪಾನ್, ಯುಎಎನ್ ಎಲ್ಲವೂ ತವರಿನ ಹೆಸರಿನಲ್ಲಿದ್ದು ಆಧಾರ್ ಮಾತ್ರ ಗಂಡನ ಮನೆತನದ ಅಡ್ಡಹೆಸರಿಗೆ ಬದಲಾಗಿತ್ತು. ಇದರಿಂದ ಪಾನ್ ಮತ್ತು ಆಧಾರ್ ಜೋಡಣೆಯಾಗದೆ, 2023ರ ಜೂನ್ 30ರ ಗಡುವು ದಾಟಿ ನನ್ನ ಪಾನ್ ನಿಷ್ಕ್ರಿಯವಾಗಿತ್ತು. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ ಮಾತ್ರ ಬದಲಿಸಬಹುದು. ನನ್ನ ಒಂದು ಅವಕಾಶ ಮದುವೆಯ ಖರ್ಚಿನಲ್ಲಿ ಸೇರಿಹೋಗಿತ್ತು. ಉಳಿದ ಒಂದನ್ನು ಬಳಸಿ ತವರಿನ ಹೆಸರಿಗೇ ಮರಳಿದೆ, ವಿಳಾಸವನ್ನೂ ವಡಗಾವಿಗೆ ತಂದೆ, ಬಳಿಕ ₹1,000 ದಂಡ ಕಟ್ಟಿ ಪಾನ್ ಜೋಡಿಸಿದೆ. ಈ ಮೂರನ್ನೂ ಇದೇ ಕ್ರಮದಲ್ಲಿ ಮಾಡಬೇಕು. ಹೆಸರು ಹೊಂದದೆ ದಂಡ ಕಟ್ಟಿದರೆ ಜೋಡಣೆ ಆಗದೆ ನಿಲ್ಲುತ್ತದೆ.

ಅಂಕಪಟ್ಟಿಗಳು ಗೋಕಾಕದ ತಿಜೋರಿಯಲ್ಲಿ ಉಳಿದಿದ್ದವು. ಕಳೆದುಹೋಗಿವೆ ಎಂದು ಪೊಲೀಸರಲ್ಲಿ ಬರೆಸಿ ನಕಲು ತೆಗೆಸಿಬಿಡು ಎಂದು ಗೆಳತಿಯೊಬ್ಬಳು ಹೇಳಿದಳು. ಕಳೆಯದಿರುವುದನ್ನು ಕಳೆದಿದೆ ಎಂದು ಬರೆದುಕೊಟ್ಟರೆ, ನಾಳೆ ಅದೇ ಕಾಗದ ತೋರಿಸಿ ನಿಮ್ಮ ಉಳಿದ ಮಾತನ್ನೂ ಸುಳ್ಳೆನ್ನುತ್ತಾರೆ ಎಂದ ವಕೀಲೆ, ಗಂಡನಿಗೆ ಕಳಿಸಿದ ನೋಟಿಸಿನಲ್ಲೇ ಅಂಕಪಟ್ಟಿಗಳ ಯಾದಿ ಸೇರಿಸಿ ಕೇಳಿದರು. ಒಂದೂವರೆ ತಿಂಗಳ ಮೇಲೆ ನಾದಿನಿ ಕೇಂದ್ರ ಬಸ್ ನಿಲ್ದಾಣಕ್ಕೆ ಬಂದು ಒಂದು ಕ್ಯಾರಿಬ್ಯಾಗ್ ಕೊಟ್ಟು ಹೋದಳು. ಅಂಕಪಟ್ಟಿಗಳ ಜೊತೆ ಮಗನ ಲಸಿಕೆಯ ಕಾರ್ಡನ್ನೂ ಇಟ್ಟಿದ್ದಳು; ಅದನ್ನು ನಾನು ಕೇಳಿರಲಿಲ್ಲ.

ಮಗನ ಶಾಲೆಯಲ್ಲಿ ವರ್ಗಾವಣೆ ಪತ್ರಕ್ಕೆ ತಂದೆಯ ಸಹಿ ಬೇಕೆಂದು ಹಿಂದಕ್ಕೆ ಕಳಿಸಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮಿನ ಪ್ರಕಾರ ಮುಖ್ಯಾಧ್ಯಾಪಕರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು, ಅದು ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಇದನ್ನೇ ಉಲ್ಲೇಖಿಸಿ ಲಿಖಿತ ಅರ್ಜಿ ಕೊಟ್ಟು, ವಡಗಾವಿಯ ಸರಕಾರಿ ಕನ್ನಡ ಶಾಲೆಯಲ್ಲಿ ಜೂನ್ ಮೊದಲ ವಾರದಲ್ಲೇ ಎರಡನೆಯ ತರಗತಿಗೆ ಕೂಡಿಸಿದೆ. ಪತ್ರ ಆಮೇಲೆ ಬಂತು. ಪಡಿತರ ಚೀಟಿಯ ಕಥೆ ಮಾತ್ರ ಇನ್ನೂ ಮುಗಿದಿಲ್ಲ: ನನ್ನ ಹೆಸರು ಅತ್ತೆಯವರು ಯಜಮಾನಿಯಾಗಿರುವ ಚೀಟಿಯಲ್ಲೇ ಇದೆ, ಹೀಗಾಗಿ ಗೃಹಲಕ್ಷ್ಮಿಯ ₹2,000 ನನ್ನ ಲೆಕ್ಕಕ್ಕೆ ಬರುವ ಹಣವಲ್ಲ. ಆ ಹಣವನ್ನು ನಂಬಿ ಯಾರೂ ತಿಂಗಳ ಲೆಕ್ಕ ಹಾಕಬಾರದು.

ಕೆಲಸ ಕಲಿಯುವ ಮಾತಿಗೆ ಬರುತ್ತೇನೆ. ಶಹಾಪುರದ ಒಬ್ಬ ಕರ ಸಲಹೆಗಾರರ ಬಳಿ ₹6,000 ಕೊಟ್ಟು ಮೂರು ತಿಂಗಳು ಕಲಿಯಲು ಹೋದೆ. ನಾನು ಬಿಟ್ಟಾಗ ಇದ್ದ ಲೆಕ್ಕದ ತಂತ್ರಾಂಶ ಟ್ಯಾಲಿ ಇಆರ್‌ಪಿ 9 ಈಗ ಟ್ಯಾಲಿಪ್ರೈಮ್ ಆಗಿದೆ. ಅದಕ್ಕೆ ಎರಡೇ ದಿನದಲ್ಲಿ ಕೈ ಹೊಂದಿತು. ಜಿಎಸ್‌ಟಿ ಹಾಗಲ್ಲ. ಮಾರಾಟದ ವಿವರವಿರುವ ಜಿಎಸ್‌ಟಿಆರ್-1 ತಿಂಗಳ 11ರೊಳಗೆ, ತೆರಿಗೆ ಕಟ್ಟುವ 3ಬಿ 20ರೊಳಗೆ, ನಡುವೆ, ಸರಕು ಕೊಟ್ಟವರು ಏರಿಸಿದ ಬಿಲ್ಲುಗಳಿಂದ 14ಕ್ಕೆ ಸಿದ್ಧವಾಗುವ 2ಬಿ ಪಟ್ಟಿಯನ್ನು ನಮ್ಮ ಖರೀದಿ ಪುಸ್ತಕದೊಂದಿಗೆ ಸಾಲುಸಾಲಾಗಿ ತಾಳೆ ನೋಡುವುದು. ಸರಕು ಕೊಟ್ಟವರು ತಮ್ಮ ಬಿಲ್ಲನ್ನು ಜಾಲತಾಣಕ್ಕೆ ಏರಿಸದಿದ್ದರೆ ಖರೀದಿಯಲ್ಲಿ ನಾವು ಕೊಟ್ಟ ತೆರಿಗೆಯ ಜಮೆ ನಮಗೆ ಸಿಗುವುದಿಲ್ಲವಾದ್ದರಿಂದ, ಈಗಿನ ಲೆಕ್ಕಿಗರ ಅರ್ಧ ಸಮಯ ಪರರ ತಪ್ಪು ಹುಡುಕುವುದರಲ್ಲೇ ಹೋಗುತ್ತದೆ. ವಾರ್ಷಿಕ ವಹಿವಾಟು ₹5 ಕೋಟಿ ದಾಟಿದವರಿಗೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರಕಾರದ ಜಾಲತಾಣದಲ್ಲಿ ನೋಂದಾಯಿಸುವುದು, ಕಡ್ಡಾಯ. ₹50,000ಕ್ಕಿಂತ ಹೆಚ್ಚಿನ ಸರಕು ಸಾಗಿಸಲು ಇ-ವೇ ಬಿಲ್ ಬೇಕು. ಬಹಳ ವರ್ಷ ಬಿಟ್ಟು ಲೆಕ್ಕದ ಕೆಲಸಕ್ಕೆ ಮರಳುವವರು ದುಬಾರಿ ಕೋರ್ಸಿಗೆ ಸೇರುವುದಕ್ಕಿಂತ, ಜೀವಂತ ಬಿಲ್ಲುಗಳು ಬರುವ ಇಂಥ ಸಣ್ಣ ಕಚೇರಿಯ ಮೂಲೆಯ ಕುರ್ಚಿಯೊಂದನ್ನು ಹಿಡಿಯುವುದು ಮೇಲು. ಸಂದರ್ಶನದಲ್ಲಿ ನನ್ನನ್ನು ದಾಟಿಸಿದ್ದು ಆ ಕುರ್ಚಿಯೇ.

ಇದೇ ಹೊತ್ತಿಗೆ ಜೀವನಾಂಶದ ಅರ್ಜಿ ಸಿದ್ಧವಾಗುತ್ತಿತ್ತು. 2024ರ ಜುಲೈ 1ರಿಂದ ಹೊಸ ಸಂಹಿತೆ ಜಾರಿಗೆ ಬಂದದ್ದರಿಂದ, ಎಲ್ಲರ ಬಾಯಲ್ಲಿರುವ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಡಿ ಇಲ್ಲಿನ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಿದೆವು. ಹೆಂಡತಿ ಈಗ ವಾಸಿಸುವ ಊರಿನಲ್ಲೇ ಇದನ್ನು ಹಾಕಬಹುದಾದ್ದರಿಂದ ಗೋಕಾಕಕ್ಕೆ ಓಡಾಡುವ ಪ್ರಶ್ನೆ ಬರಲಿಲ್ಲ. ಇದರ ಜೊತೆ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರವೊಂದನ್ನು ಕೊಡಬೇಕು. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2020ರ ನವೆಂಬರ್ 4ರಂದು ಕೊಟ್ಟ ತೀರ್ಪಿನ ಮೇಲೆ ಗಂಡ ಹೆಂಡತಿ ಇಬ್ಬರೂ ಆದಾಯ, ಖರ್ಚು, ಸಾಲ, ಬ್ಯಾಂಕ್ ಖಾತೆ ಎಲ್ಲವನ್ನೂ ಅದರಲ್ಲಿ ಬರೆಯಬೇಕಾಗಿದೆ. ನಾನು ಕೆಲಸಕ್ಕೆ ಸೇರಲೋ ಬೇಡವೋ ಎಂದು ವಕೀಲೆಯನ್ನು ನೇರವಾಗಿ ಕೇಳಿದೆ. ಅವರ ಉತ್ತರ ನನ್ನ ಚಿಂತೆಯ ದಿಕ್ಕನ್ನೇ ಬದಲಿಸಿತು. ಹೆಂಡತಿ ದುಡಿಯುತ್ತಾಳೆ ಎಂಬ ಒಂದೇ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ, ಆ ದುಡಿಮೆ ಮದುವೆಯ ಮನೆಯಲ್ಲಿದ್ದ ಮಟ್ಟದ ಬದುಕಿಗೆ ಸಾಲುತ್ತದೆಯೇ ಎಂದು ನೋಡುತ್ತಾರೆ, ಮಗನ ಪಾಲಂತೂ ಬೇರೆಯೇ ಇದೆ. ಆದರೆ ಪ್ರಮಾಣಪತ್ರದಲ್ಲಿ ಆದಾಯ ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಸುಳ್ಳು ಪ್ರಮಾಣದ ಕ್ರಮವನ್ನು ಎದುರಿಸಬೇಕಾಗುತ್ತದೆ. "ನೀವು ಕೆಲಸಕ್ಕ ಹೋಗ್ರಿ ಮೇಡಂ. ಹೋದ ತಿಂಗಳ ನನಗ ಪಗಾರ ಚೀಟಿ ತಂದು ಕೊಡ್ರಿ. ನಾವ ಮೊದಲ ಹೇಳೂಣು, ಅವರ ಬಾಯಿಂದ ಬರೂದ ಬ್ಯಾಡ" ಎಂದರು.

ಅಂದಿನಿಂದ ಕೆಲಸಗಳನ್ನು ಪಗಾರದ ಅಂಕಿಯಿಂದಲ್ಲ, ಎರಡು ಪ್ರಶ್ನೆಗಳಿಂದ ಅಳೆಯತೊಡಗಿದೆ: ಅದು ನನಗೆ ಕಾಗದ ಕೊಡುತ್ತದೆಯೇ, ತಾರೀಖಿನ ದಿನ ಬಿಡುತ್ತದೆಯೇ? ಪ್ರಕರಣ ನಡೆದಿರುವ ಹೆಣ್ಣುಮಗಳಿಗೆ ಮೂರನೆಯ ಪ್ರಶ್ನೆ ಅಷ್ಟು ಮುಖ್ಯವಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಬಂದದ್ದು ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಸಹಕಾರಿ ಸಂಘದ ಕೆಲಸ. ತಿಂಗಳಿಗೆ ₹12,000, ಸಂಜೆ ಪಿಗ್ಮಿ ಲೆಕ್ಕ ಕೂಡಿಸುವ ತನಕ ಇರಬೇಕು, ಭವಿಷ್ಯ ನಿಧಿ ಇಲ್ಲ. ನಗದು ವ್ಯವಹಾರದ ಕೆಲಸವಾದ್ದರಿಂದ ಜಾಮೀನು ಪತ್ರಕ್ಕೆ ಗಂಡನ ಸಹಿ ತರಬೇಕೆಂದರು. ಪರಿಸ್ಥಿತಿ ಹೇಳಿದೆ. ಅಣ್ಣನ ಸಹಿ ನಡೆಯುತ್ತದೆ ಎಂದು ಒಪ್ಪಿಕೊಂಡ ವ್ಯವಸ್ಥಾಪಕರು, ಉಪಕಾರ ಮಾಡುವ ದನಿಯಲ್ಲಿ, "ಪಗಾರ ಕೈಯಾಗ ಕೊಡ್ತೇವ್ರಿ, ಕೋರ್ಟಿಗೆ ಗೊತ್ತ ಆಗೂದಿಲ್ಲ, ನಿಮಗೂ ಛಲೋ" ಎಂದರು. ಕೆಲವರಿಗೆ ಇದು ವರದಂತೆ ಕಾಣಬಹುದು. ಪಗಾರ ಚೀಟಿಯಿಲ್ಲದ ಕೆಲಸಕ್ಕೆ ಅನುಭವವೂ ಇಲ್ಲ, ಸಾಲವೂ ಹುಟ್ಟುವುದಿಲ್ಲ. ಮೇಲಾಗಿ ವಡಗಾವಿಯಂಥ ಓಣಿಯಲ್ಲಿ ಸೊಸೈಟಿಯ ಕೌಂಟರಿನಲ್ಲಿ ಕೂತವಳು ಕಣ್ಣಿಗೆ ಬೀಳದೆ ಇರುವುದುಂಟೆ?

ಎರಡನೆಯದು ಪುಣೆಯದು. ಹಳೆಯ ಸಹೋದ್ಯೋಗಿಯೊಬ್ಬಳು ಚಾಕಣದ ಬಿಡಿಭಾಗಗಳ ಕಂಪನಿಯಲ್ಲಿದ್ದಾಳೆ. ಅವಳ ಮೂಲಕ ₹30,000ದ ಕರೆ ಬಂತು. ಮನೆಯಲ್ಲಿ ಅಣ್ಣ, ವೈನಿ ಇಬ್ಬರೂ ಹೋಗು ಎಂದರು, ಹುಡುಗನನ್ನು ನಾವು ನೋಡಿಕೊಳ್ಳುತ್ತೇವೆ ಎಂದರು. ಆ ರಾತ್ರಿ ಮಗನ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಬರೆದೆ. ಭವಿಷ್ಯ ನಿಧಿ ₹1,800, ವೃತ್ತಿ ತೆರಿಗೆ ₹200 ಹೋಗಿ ಕೈಗೆ ₹28,000. ಖೋಲಿ ಬಾಡಿಗೆ ₹8,000, ಊಟ ₹4,500, ತಿಂಗಳಿಗೆ ಎರಡು ಸಲ ಬೆಳಗಾವಿಗೆ ಬಂದು ಹೋಗಲು ₹2,500. ಉಳಿಯುವುದು ₹13,000. ಒಂದೊಂದು ತಾರೀಖಿಗೂ ಹಿಂದಿನ ರಾತ್ರಿ ಹೊರಟು ಮರುದಿನ ರಾತ್ರಿ ಮರಳುವುದೆಂದರೆ ಕನಿಷ್ಠ ಒಂದು ದಿನದ ಪಗಾರ ಕಡಿತ, ಅದೂ ಹೊಸದಾಗಿ ಸೇರಿದವಳಿಗೆ. ಲೆಕ್ಕಕ್ಕೆ ಸಿಗದ ಇನ್ನೊಂದು ವಿಷಯವಿತ್ತು. ಮಗನನ್ನು ಭಾನುವಾರ ತಂದೆಗೆ ತೋರಿಸುವ ಏರ್ಪಾಟು ಆಗಷ್ಟೇ ಕುದುರಿತ್ತು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ, ನಮ್ಮವನು ಆ ವಯಸ್ಸು ದಾಟಿದ್ದಾನೆ. ಅವನನ್ನು ಬೆಳಗಾವಿಯಲ್ಲಿ ಬಿಟ್ಟು ನಾನು ಪುಣೆಗೆ ಹೋದರೆ, ತಾಯಿಯೇ ಜೊತೆಗಿಲ್ಲ ಎಂಬ ವಾದಕ್ಕೆ ನಾನೇ ಜಾಗ ಮಾಡಿಕೊಟ್ಟಂತೆ. ಜೊತೆಗೆ ಕರೆದೊಯ್ದರೆ ಮಗುವನ್ನು ಬೇರೆ ರಾಜ್ಯಕ್ಕೆ ಸಾಗಿಸಿದಳು ಎಂಬ ವಾದ.

ಮೂರನೆಯದು ಈಗಿನ ಫೌಂಡ್ರಿ. ಸಂದರ್ಶನಕ್ಕೆ ಕರೆದಾಗ ಮಾಲಕರು ಹೆಚ್ಚು ಮಾತಾಡದೆ ಒಂದು ಕಂಪ್ಯೂಟರಿನ ಮುಂದೆ ಕೂಡಿಸಿ, ಹಿಂದಿನ ತಿಂಗಳ ಖರೀದಿಯನ್ನು 2ಬಿ ಜೊತೆ ತಾಳೆ ನೋಡಿ ಎಂದರು. ಕಚ್ಚಾ ಕಬ್ಬಿಣ, ಕೋಕ್, ಮರಳು, ರಾಳ, ಯಂತ್ರಗೆಲಸಕ್ಕೆ ಹೊರಗೆ ಕಳಿಸಿದ ಕಾಸ್ಟಿಂಗ್‌ಗಳ ಚಲನ್‌ಗಳು. ಮೂರು ಬಿಲ್ಲು ಎರಡು ಬಾರಿ ನಮೂದಾಗಿದ್ದವು, ಒಂದರ ಜಿಎಸ್‌ಟಿ ಸಂಖ್ಯೆಯ ಕೊನೆಯ ಅಕ್ಷರ ತಪ್ಪಿತ್ತು. ತೋರಿಸಿದೆ. ಆಮೇಲೆ ಬಂತು ನಾನು ಕಾಯುತ್ತಿದ್ದ ಪ್ರಶ್ನೆ: ಇಷ್ಟು ವರ್ಷ ಮನೆಯಲ್ಲಿದ್ದವರು ಈಗ ಯಾಕೆ? ಬೇರೆ ಇದ್ದೇನೆ, ಪ್ರಕರಣ ನಡೆದಿದೆ, ತಿಂಗಳು ಎರಡು ತಿಂಗಳಿಗೊಮ್ಮೆ ಕೋರ್ಟಿಗೆ ಹೋಗಬೇಕಾಗುತ್ತದೆ ಎಂದು ಮೂರು ವಾಕ್ಯದಲ್ಲಿ ಹೇಳಿ ನಿಲ್ಲಿಸಿದೆ. ಇದಕ್ಕಿಂತ ಹೆಚ್ಚು ಹೇಳಬಾರದು. ಕಡಿಮೆ ಹೇಳಿದರೆ ಮೊದಲ ತಾರೀಖಿಗೇ ಸುಳ್ಳು ನೆಪ ಹುಡುಕಬೇಕಾಗುತ್ತದೆ. ಮಾಲಕರು ಕನ್ನಡಕ ತೆಗೆದಿಟ್ಟು, "ತಾರೀಖ ಇದ್ದ ದಿನಾ ಸೂಟಿ ತಗೋರಿ, ಅದಕ್ಕೇನಿಲ್ಲ. ಇಪ್ಪತ್ತನೇ ತಾರೀಖಿಗೆ ಮಾತ್ರ ನನಗ ಕಾಡಬ್ಯಾಡ್ರಿ" ಎಂದರು.

ಪಗಾರ ₹17,500. ಭವಿಷ್ಯ ನಿಧಿ ₹1,800, ನೌಕರರ ರಾಜ್ಯ ವಿಮೆಗೆ (ಇಎಸ್‌ಐ) ಶೇ. 0.75ರಂತೆ ₹132 ಹೋಗಿ ಕೈಗೆ ₹15,568. ₹25,000ದೊಳಗಿನ ಪಗಾರಕ್ಕೆ ನಮ್ಮ ರಾಜ್ಯದಲ್ಲಿ ವೃತ್ತಿ ತೆರಿಗೆಯಿಲ್ಲ. ಮನೆಗೆ ₹5,000 ಕೊಡುತ್ತೇನೆ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇರುವುದರಿಂದ ಬಸ್ಸಿನ ಖರ್ಚಿಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಹೀಗೆ ಉಳಿಯುವ ₹10,568ಕ್ಕೂ ಪುಣೆಯ ₹13,000ಕ್ಕೂ ನಡುವಿನ ಅಂತರ ಎರಡೂವರೆ ಸಾವಿರಕ್ಕಿಂತ ಕಡಿಮೆ. ಹದಿನೇಳೂವರೆ ಸಾವಿರ ಮತ್ತು ಮೂವತ್ತು ಸಾವಿರ ಎಂದು ಬಾಯಲ್ಲಿ ಹೇಳಿದಾಗ ಕಾಣುವ ಅಂತರವೇ ಬೇರೆ. ಮೇಲಾಗಿ ಪಗಾರ ₹21,000ದೊಳಗಿರುವುದರಿಂದ ಇಎಸ್‌ಐ ಅಡಿ ಮಗನ ಔಷಧೋಪಚಾರವೂ ಸೇರಿತು. ಮಳೆಗಾಲದಲ್ಲಿ ಅವನಿಗೆ ಉಬ್ಬಸ ಏಳುತ್ತದೆ, ಬೆಳಗಾವಿಯ ಮಳೆಗಾಲ ಚಿಕ್ಕದೂ ಅಲ್ಲ. ಇದನ್ನೆಲ್ಲ ಹಾಳೆಯಲ್ಲಿ ಬರೆದು ಅಣ್ಣನಿಗೆ ತೋರಿಸಿದೆ. ಅವನು ಎರಡು ಸಲ ಓದಿ, ಪೆನ್ನು ತೆಗೆದುಕೊಂಡು ಪುಣೆಯ ಬಾಡಿಗೆಯನ್ನು ₹6,000ಕ್ಕೆ ಇಳಿಸಿ ನೋಡಿದ. ವೈನಿ ಮಾತ್ರ, "ಹುಡುಗಾ ರಾತ್ರಿ ಯಾರ ಹತ್ತರ ಮಲಗತಾನ್ರೀ?" ಎಂದು ಗಂಡನನ್ನೇ ಕೇಳಿದಳು. ಚರ್ಚೆ ಅಲ್ಲಿಗೆ ಮುಗಿಯಿತು.

ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮೊದಲು ಎರಡು ವಿಷಯ ಕೇಳಿ ಬರೆಸಿಕೊಂಡೆ: ಪೂರ್ತಿ ಪಗಾರ ಬ್ಯಾಂಕಿಗೇ ಬರಬೇಕು, ತಾರೀಖಿನ ದಿನ ಪಗಾರವಿಲ್ಲದ ರಜೆಯಾದರೂ ಗೈರುಹಾಜರಿ ಎಂದು ನಮೂದಾಗಬಾರದು. ಕೋರ್ಟು ಎಂಬ ಪದ ಬೇಡವೆಂದು 'ಪೂರ್ವಸೂಚನೆ ಕೊಟ್ಟು ಪಡೆಯುವ ವೈಯಕ್ತಿಕ ರಜೆ' ಎಂದು ಬರೆದರು; ನನಗೂ ಅದೇ ಬೇಕಾಗಿತ್ತು. ಪಗಾರಕ್ಕೆ ಜಂಟಿ ಖಾತೆ ಕೊಡದೆ ಒಬ್ಬಳ ಹೆಸರಿನ ಹೊಸ ಖಾತೆ ತೆರೆದಿದ್ದೆ. ಇದನ್ನು ಯಾರೂ ಮುಂದೂಡಬಾರದು.

ಮೊದಲ ತಿಂಗಳ ಪಗಾರ ಚೀಟಿ ಬಂದ ವಾರವೇ ವಕೀಲೆ ಹೆಚ್ಚುವರಿ ಪ್ರಮಾಣಪತ್ರ ಸಲ್ಲಿಸಿದರು. ಪರಿಸ್ಥಿತಿ ಬದಲಾದರೆ ಹಾಗೆ ತಿದ್ದುಪಡಿ ಕೊಡಲು 2020ರ ತೀರ್ಪಿನಲ್ಲೇ ಅವಕಾಶವಿದೆ. ಮಧ್ಯಂತರ ಅರ್ಜಿಯನ್ನು ನೋಟಿಸು ಮುಟ್ಟಿದ 60 ದಿನಗಳೊಳಗೆ ಸಾಧ್ಯವಾದಷ್ಟು ತೀರ್ಮಾನಿಸಬೇಕೆಂದು ಕಾನೂನಿನಲ್ಲಿದೆ. ಸಾಧ್ಯವಾದಷ್ಟು ಎಂಬ ಮಾತಿಗೆ ಬಹಳ ಜಾಗವಿದೆ. ನೋಟಿಸು ಮುಟ್ಟುವುದಕ್ಕೇ ಸಮಯ ಹಿಡಿಯಿತು, ಬಳಿಕ ಎದುರಿನವರು ಮುದ್ದತು ಕೇಳಿದರು, ಸಂಧಾನ ಕೇಂದ್ರಕ್ಕೆ ಕಳಿಸಿದರು, ಅಲ್ಲಿಂದ ಮರಳಿ ಬಂತು. ಮುಂದಿನ ತಾರೀಖನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿ ನೋಡಬಹುದು. ಆ ಸಂಖ್ಯೆಯನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕು. ತಾರೀಖು ಕೊಡುವಾಗ ಜಿಎಸ್‌ಟಿ ಗಡುವಿನ ದಿನಗಳಾದ ತಿಂಗಳ 8ರಿಂದ 11, 18ರಿಂದ 20 ಬೇಡವೆಂದು ವಿನಂತಿಸಲು ವಕೀಲೆಗೆ ಹೇಳಿದ್ದೆ. ಪ್ರತಿ ಸಲ ಅಲ್ಲದಿದ್ದರೂ ಹೆಚ್ಚಿನ ಸಲ ನಡೆಯಿತು. ಉದ್ಯೋಗದ ಕಾರಣ ಹೇಳಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಕೋರ್ಟಿನ ದಿನಗಳಲ್ಲಿ ಒಂದನ್ನು ಹೇಳಬೇಕು. ಹನ್ನೊಂದಕ್ಕೆ ಹೋಗಿ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದೆ. ಎದುರಿನ ಬೆಂಚಿನಲ್ಲಿ ಗಂಡ, ಅವರ ಪಕ್ಕದಲ್ಲಿ ಮಾವ. ಕೂಗುವವನು ಬಾಗಿಲಿಗೆ ಬಂದು ಹೆಸರು ಕರೆದಾಗಲೆಲ್ಲ ಇಡೀ ಪಡಸಾಲೆ ಒಮ್ಮೆ ಎದ್ದು ಮತ್ತೆ ಕೂಡುತ್ತಿತ್ತು. ಹನ್ನೆರಡರ ಸುಮಾರಿಗೆ ಫೋನು ನಡುಗಿತು. ಕಾಸ್ಟಿಂಗ್ ತುಂಬಿದ ಲಾರಿ ಕಾರ್ಖಾನೆಯ ಗೇಟಿನಲ್ಲಿ ನಿಂತಿದೆ, ಇ-ವೇ ಬಿಲ್ಲಿನಲ್ಲಿ ಗಾಡಿಯ ಸಂಖ್ಯೆ ಬೇರೆ ಬಿದ್ದಿದೆ, ಚಾಲಕ ಹೊರಡಲು ಒಪ್ಪುತ್ತಿಲ್ಲ. ಮೆಟ್ಟಿಲ ಬಳಿ ಹೋಗಿ ಬಿಲ್ಲಿನ ಎರಡನೆಯ ಭಾಗದಲ್ಲಿರುವ ಗಾಡಿ ಸಂಖ್ಯೆಯನ್ನು ಫೋನಿನಲ್ಲೇ ತಿದ್ದುತ್ತಿದ್ದಾಗ ಒಳಗಿನಿಂದ ನನ್ನ ಹೆಸರು ಕೇಳಿಸಿತು. ಒತ್ತಬೇಕಾದ ಗುಂಡಿ ಒತ್ತಿ ಓಡಿದೆ. ಎದುರಿನ ವಕೀಲರು ಎದ್ದು ನಿಂತು, ಅರ್ಜಿದಾರರು ದುಡಿಯುತ್ತಿದ್ದಾರೆ, ಈ ಸಂಗತಿಯನ್ನು ಮುಚ್ಚಿಟ್ಟಿದ್ದಾರೆ ಎಂದು ಆರಂಭಿಸಿದರು. ನಮ್ಮ ವಕೀಲೆ ಕಡತದ ಪುಟ ಸಂಖ್ಯೆ ಹೇಳಿದರು. ನ್ಯಾಯಾಧೀಶರು ಪುಟ ತಿರುವಿ ಪಗಾರ ಚೀಟಿ ನೋಡಿ, ಪ್ರತಿವಾದಿಯವರ ಪ್ರಮಾಣಪತ್ರ ಎಲ್ಲಿ ಎಂದು ಕೇಳಿದರು. ಅದು ಇನ್ನೂ ಸಲ್ಲಿಕೆಯಾಗಿರಲಿಲ್ಲ. ಆ ಕ್ಷಣದಲ್ಲಿ ಸಂತೋಷವಾಯಿತೆಂದರೆ ಸುಳ್ಳಾಗುತ್ತದೆ. ಬಟ್ಟೆಯ ಚೀಲ ಹಿಡಿದು ನಿಂತಿದ್ದ ಮಾವನವರನ್ನು ನೋಡಿ ಸಂಕಟವೇ ಆಯಿತು. ಹೊರಗೆ ಬಂದು ನೋಡಿದರೆ ಲಾರಿ ಹೊರಟಿತೆಂಬ ಸಂದೇಶವಿತ್ತು.

ಆದೇಶದಲ್ಲಿ ಮಗನಿಗೆ ₹6,000, ನನಗೆ ₹3,000 ಎಂದಾಯಿತು, ಅರ್ಜಿ ಹಾಕಿದ ದಿನದಿಂದ ಲೆಕ್ಕ. ನನ್ನ ಪಾಲಿಗೆ ಕೇಳಿದ್ದು ಇದಕ್ಕಿಂತ ಹೆಚ್ಚು. ಪಗಾರ ಗಮನಿಸಿ ಕಡಿಮೆ ಮಾಡಿದ್ದೇವೆಂದು ಆದೇಶದಲ್ಲೇ ಇದೆ. ಆದ್ದರಿಂದ ಕೆಲಸಕ್ಕೆ ಹೋದರೆ ಜೀವನಾಂಶಕ್ಕೆ ಏನೂ ಆಗುವುದಿಲ್ಲ ಎಂದು ನಾನು ಹೇಳಲಾರೆ. ಆದರೆ ಕಡಿಮೆಯಾದ ಮೊತ್ತವನ್ನು ನನ್ನ ಪಗಾರ ಹಲವು ಪಟ್ಟು ಮೀರುತ್ತದೆ. ಜೀವನಾಂಶದ ಬಾಕಿ ಕಂತುಗಳಲ್ಲಿ ತಡೆತಡೆದು ಬರುತ್ತಿದ್ದರೆ ಪಗಾರ ತಿಂಗಳ 7ರೊಳಗೆ ಬರುತ್ತದೆ. ಉಚಿತ ಕಾನೂನು ನೆರವಿದ್ದರೂ ಟೈಪಿಂಗ್, ಝೆರಾಕ್ಸ್, ನೋಟರಿ, ಓಡಾಟ ಎಂದು ಸಾವಿರಗಳಲ್ಲೇ ಖರ್ಚಾಗುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು.

ಕಾಯಂ ಆದ ಮೇಲೆ ಭವಿಷ್ಯ ನಿಧಿಯ ನಾಮನಿರ್ದೇಶನ ತುಂಬಿದೆ. ವಿಚ್ಛೇದನವಾಗದ ತನಕ ಗಂಡ ಕುಟುಂಬದ ಸದಸ್ಯರೇ. ಆದರೆ ಅವರನ್ನು ಕುಟುಂಬದಿಂದ ಹೊರಗಿಡಬೇಕೆಂದು ಮಹಿಳಾ ಸದಸ್ಯರು ಭವಿಷ್ಯ ನಿಧಿ ಆಯುಕ್ತರಿಗೆ ಲಿಖಿತ ಸೂಚನೆ ಕೊಡಲು 1952ರ ಯೋಜನೆಯಲ್ಲೇ ಅವಕಾಶವಿದೆ. ಇದು ಕಂಪನಿಗಳ ಕಚೇರಿಯಲ್ಲೂ ಎಲ್ಲರಿಗೆ ಗೊತ್ತಿರುವುದಿಲ್ಲ, ನಾವೇ ಕೇಳಬೇಕು. ಮಗನ ಹೆಸರು ಬರೆದು, ಅವನು ಅಪ್ರಾಪ್ತನಾದ್ದರಿಂದ ಪಾಲಕರ ಜಾಗದಲ್ಲಿ ಅಣ್ಣನ ಹೆಸರು ಹಾಕಿದ್ದೇನೆ.

ಬೇರೆಯಾಗಿ ವರ್ಷ ತುಂಬಿದ್ದರಿಂದ ಈಗ ಇಬ್ಬರೂ ಸೇರಿ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿ ಹಾಕಿದ್ದೇವೆ. ಎರಡನೆಯ ಹಂತಕ್ಕೆ ಆರು ತಿಂಗಳು ಕಾಯಬೇಕು. ಸೂಕ್ತ ಪ್ರಕರಣಗಳಲ್ಲಿ ಆ ಅವಧಿಯನ್ನು ನ್ಯಾಯಾಲಯ ಮನ್ನಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಹೇಳಿದೆಯಾದರೂ ನಾವು ಕೇಳಿಲ್ಲ. ಒಪ್ಪಂದದ ಷರತ್ತುಗಳ ಮೊದಲ ಕರಡಿನಲ್ಲಿ ಮಗನನ್ನು ಬೆಳಗಾವಿ ಜಿಲ್ಲೆ ಬಿಟ್ಟು ಕರೆದೊಯ್ಯಬಾರದು ಎಂಬ ಸಾಲಿತ್ತು. ಅದನ್ನು ಹೊಡೆದುಹಾಕಿಸಿ, ಉದ್ಯೋಗದ ಕಾರಣ ಊರು ಬದಲಿಸಬೇಕಾದರೆ ಒಂದು ತಿಂಗಳು ಮೊದಲು ತಂದೆಗೆ ಬರೆದು ತಿಳಿಸಬೇಕು, ರಜೆಯಲ್ಲಿ ಮಗನನ್ನು ಅವರ ಬಳಿ ಹೆಚ್ಚು ದಿನ ಕಳಿಸಬೇಕು ಎಂದು ಬರೆಸಿದ್ದೇನೆ. ಮಾವನವರು ಅದನ್ನು ಎರಡು ಬಾರಿ ಓದಿಸಿಕೊಂಡು ಒಪ್ಪಿದರು. ಪುಣೆಯ ಗೆಳತಿ ಮೊನ್ನೆ ಮತ್ತೆ ಫೋನ್ ಮಾಡಿದ್ದಳು. ಡಿಕ್ರಿ ಕೈಗೆ ಬಂದ ಮೇಲೆ ಮಾತಾಡೋಣ, ಅಷ್ಟರಲ್ಲಿ ಚಾಕಣದ ಸುತ್ತ ಶಾಲೆಗಳನ್ನು ವಿಚಾರಿಸಿಡು ಎಂದು ಹೇಳಿದ್ದೇನೆ.